ಮೊದಲ ಟ್ರೇಲರ್ ಪ್ರವಾಸ: ಹೊರಡುವ ಮುನ್ನ ತೂಕ ನೋಡಿ

ಪ್ರಶ್ನೆ: ನಾವು ಸೆಕೆಂಡ್ ಹ್ಯಾಂಡ್ ಟ್ರಾವೆಲ್ ಟ್ರೇಲರ್ (ಕಾರಿನ ಹಿಂದೆ ಕಟ್ಟಿ ಎಳೆಯುವ, ಚಕ್ರದ ಮೇಲಿನ ಪುಟ್ಟ ಮನೆ) ಒಂದನ್ನು ಕೊಂಡಿದ್ದೇವೆ. ಉದ್ದ ಏಳು ಮೀಟರ್. ಖಾಲಿ ತೂಕ 1,850 ಕೆ.ಜಿ., ತುಂಬಿದಾಗಿನ ಗರಿಷ್ಠ ತೂಕ 2,300 ಕೆ.ಜಿ. ಎಂದು ಅದರ ಫಲಕದಲ್ಲಿದೆ. ನಮ್ಮ ಎಸ್‌ಯುವಿ 2,270 ಕೆ.ಜಿ. ಎಳೆಯಬಲ್ಲದು ಎಂದು ಕಂಪನಿಯ ಕೈಪಿಡಿ ಹೇಳುತ್ತದೆ. ಹೊರಡುವವರು ನಾನು, ನನ್ನ ಪತ್ನಿ, ಹನ್ನೆರಡು ಮತ್ತು ಆರು ವರ್ಷದ ಇಬ್ಬರು ಮಕ್ಕಳು, ಜೊತೆಗೆ ನಮ್ಮ ಅತ್ತೆ. ಹತ್ತು ದಿನಗಳಲ್ಲಿ ಏಳು ಕಡೆ ತಂಗುವ ಯೋಜನೆ ಇದೆ. ಮೊದಲ ದಿನವೇ 600 ಕಿ.ಮೀ. ಹೋಗಬೇಕು. ನಾನು ಈವರೆಗೆ ಏನನ್ನೂ ಎಳೆದವನಲ್ಲ. ರಿವರ್ಸ್ ತೆಗೆಯುವುದನ್ನು ನೆನೆದರೆ ಭಯವಾಗುತ್ತದೆ. ದೂರದ ದಾರಿಯಲ್ಲಿ ಮಕ್ಕಳು ಟ್ರೇಲರ್‌ನೊಳಗಿನ ಹಾಸಿಗೆಯಲ್ಲಿ ಮಲಗಬಹುದೇ? ನಾವು ಮುಖ್ಯವಾಗಿ ಗಮನಿಸಬೇಕಾದದ್ದು ಏನು?

ಉತ್ತರ: ಮಕ್ಕಳ ವಿಷಯದಿಂದಲೇ ಶುರು ಮಾಡುತ್ತೇನೆ, ಏಕೆಂದರೆ ಅದರಲ್ಲಿ ಚರ್ಚೆಗೆ ಜಾಗವಿಲ್ಲ. ಚಲಿಸುತ್ತಿರುವ ಟ್ರಾವೆಲ್ ಟ್ರೇಲರ್‌ನೊಳಗೆ ಯಾರೂ ಇರಬಾರದು. ಮಲಗಲಿಕ್ಕೂ ಬೇಡ, ಐದು ನಿಮಿಷ ಶೌಚಕ್ಕೆಂದೂ ಬೇಡ. ಅನೇಕ ಕಡೆ ಕಾನೂನೇ ಇದನ್ನು ನಿಷೇಧಿಸಿದೆ. ಕಾನೂನು ಸುಮ್ಮನಿರುವ ಕಡೆಯಲ್ಲೂ ನನ್ನ ಉತ್ತರ ಬದಲಾಗದು. ಆ ಗೋಡೆಗಳು ತೆಳುವಾದ ಹಲಗೆ ಮತ್ತು ತಗಡಿನವು; ಅಪಘಾತದ ಪೆಟ್ಟು ತಡೆಯಲು ಕಟ್ಟಿದವಲ್ಲ. ಸೀಟ್ ಬೆಲ್ಟ್ ಇಲ್ಲ. ಕಪಾಟುಗಳಲ್ಲಿರುವುದೆಲ್ಲ ಜೋರಾಗಿ ಬ್ರೇಕ್ ಹಾಕಿದಾಗ ಹಾರಿ ಬರುತ್ತದೆ. ಮಕ್ಕಳು ಕಾರಿನಲ್ಲಿ, ಅವರವರ ಸೀಟಿನಲ್ಲಿ, ಬೆಲ್ಟ್ ಕಟ್ಟಿಕೊಂಡೇ ಕೂರಬೇಕು.

ಇನ್ನು ರಿವರ್ಸ್ ಭಯ. ಅದು ಸಹಜ, ಆದರೆ ನೀವು ಹೆದರಬೇಕಾದ ಜಾಗ ಅದಲ್ಲ. ರಿವರ್ಸ್ ನಡೆಯುವುದು ನಡಿಗೆಯ ವೇಗದಲ್ಲಿ. ಎಡವಿದರೂ ಸಾಮಾನ್ಯವಾಗಿ ಒಂದು ತಗ್ಗು, ಒಂದು ಗೀರಿನಲ್ಲಿ ಮುಗಿಯುತ್ತದೆ. ಗಂಟೆಗೆ 90 ಕಿ.ಮೀ. ವೇಗದಲ್ಲಿ ಟ್ರೇಲರ್ ಓಲಾಡತೊಡಗಿದರೆ ಹಾಗೆ ಮುಗಿಯುವುದಿಲ್ಲ. ಆ ಓಲಾಟ ಬರುತ್ತದೆಯೋ ಇಲ್ಲವೋ ಎಂಬುದು ಬಹುಮಟ್ಟಿಗೆ ನೀವು ಹೊರಡುವ ಮೊದಲೇ, ಸಾಮಾನು ತುಂಬುವಾಗಲೇ ತೀರ್ಮಾನವಾಗಿರುತ್ತದೆ. ಆದ್ದರಿಂದ ಈ ಉತ್ತರದ ದೊಡ್ಡ ಪಾಲು ತೂಕಕ್ಕೇ ಹೋಗುತ್ತದೆ.

ನೀವು ಕೊಟ್ಟ ಅಂಕಿಗಳಲ್ಲಿ ಎರಡು ಮುಖ್ಯ ಅಂಕಿಗಳು ಇಲ್ಲ. ಒಂದು, ಕಾರು ತನ್ನ ಮೇಲೆ ಹೊರಬಲ್ಲ ಭಾರ. ಅನೇಕ ಕಾರುಗಳಲ್ಲಿ ಚಾಲಕನ ಬಾಗಿಲು ತೆರೆದರೆ ಚೌಕಟ್ಟಿನ ಮೇಲಿನ ಸ್ಟಿಕ್ಕರ್‌ನಲ್ಲಿ ಇದು ಇರುತ್ತದೆ: ಜನ ಮತ್ತು ಸಾಮಾನು ಸೇರಿ ಇಷ್ಟು ಕೆ.ಜಿ. ಮೀರಬಾರದು ಎಂದು. ಎರಡು, ಹಿಚ್‌ನ, ಅಂದರೆ ಟ್ರೇಲರ್ ಸಿಕ್ಕಿಸಲು ಕಾರಿನ ಹಿಂದಿರುವ ಕೊಂಡಿಯ, ಮೇಲೆ ನೇರವಾಗಿ ಕೆಳಕ್ಕೆ ಬೀಳಬಹುದಾದ ಗರಿಷ್ಠ ಭಾರ. ಇದು ಹಿಚ್‌ನ ಫಲಕದಲ್ಲೂ ಕಾರಿನ ಕೈಪಿಡಿಯಲ್ಲೂ ಇರುತ್ತದೆ. ಫಲಕ, ಕೈಪಿಡಿ ಎರಡರಲ್ಲಿ ಯಾವುದರ ಅಂಕಿ ಕಡಿಮೆಯೋ ಅದೇ ಹಿಚ್‌ಗೆ ನಿಮ್ಮ ಮಿತಿ. ಕೊಳ್ಳುವವರೂ ಮಾರುವವರೂ ಎಳೆಯುವ ಸಾಮರ್ಥ್ಯವೊಂದನ್ನೇ ಮಾತಾಡುತ್ತಾರೆ. ಕುಟುಂಬದೊಂದಿಗೆ ಹೊರಟವರಿಗೆ ಮೊದಲು ಮುಗಿದುಹೋಗುವುದು ಮಾತ್ರ ಈ ಎರಡು. ಎಳೆಯುವ ಸಾಮರ್ಥ್ಯವನ್ನು ನಿಗದಿ ಮಾಡುವಾಗ ಕಾರಿನಲ್ಲಿ ಒಬ್ಬಿಬ್ಬರಷ್ಟೇ ಇದ್ದಾರೆಂದು ಹಿಡಿದಿರುವುದು ಸಾಮಾನ್ಯ, ನೀವು ಐವರಿದ್ದೀರಿ.

ಟ್ರೇಲರ್ ತನ್ನ ತೂಕದ ಒಂದು ಭಾಗವನ್ನು ಕಾರಿನ ಹಿಚ್ ಮೇಲೆ ಹೊರಿಸಲೇಬೇಕು. ಉತ್ತರ ಅಮೆರಿಕದ ಮಾದರಿಯ ಟ್ರಾವೆಲ್ ಟ್ರೇಲರ್‌ಗಳಿಗೆ ಈ ಭಾಗ ಒಟ್ಟು ತೂಕದ ಶೇ. 10ರಿಂದ 15 ಇರಬೇಕು. ಹಗುರವಾದ ಯುರೋಪಿನ ಕ್ಯಾರವಾನ್‌ಗಳಲ್ಲಿ ಶೇ. 5ರಿಂದ 7 ರೂಢಿ. ನಿಮ್ಮದು ಗಾತ್ರ ತೂಕಗಳಿಂದ ಮೊದಲನೆಯ ಬಗೆಯದು ಎಂದು ಕಾಣುತ್ತದೆ. ಅದನ್ನು 2,200 ಕೆ.ಜಿ.ವರೆಗೆ ತುಂಬಿದಿರಿ ಎನ್ನೋಣ. ಶೇ. 12 ಎಂದರೆ 264 ಕೆ.ಜಿ. ಆದರೆ 2,270 ಕೆ.ಜಿ. ಎಳೆಯುವ ಅನೇಕ ವಾಹನಗಳಲ್ಲಿ ಹಿಚ್‌ನ ಮಿತಿ ಅದರ ಹತ್ತನೇ ಒಂದು ಪಾಲು, ಅಂದರೆ 227 ಕೆ.ಜಿ. ಮಾತ್ರ. ಅಲ್ಲಿಗೆ ಎಳೆಯುವ ಸಾಮರ್ಥ್ಯದೊಳಗೇ ಇದ್ದರೂ ಹಿಚ್‌ನ ಮಿತಿಯನ್ನು ದಾಟಿಬಿಟ್ಟಿರಿ. ಇನ್ನೊಂದು ಲೆಕ್ಕ ನೋಡಿ: ಐವರ ತೂಕ ಸುಮಾರು 280 ಕೆ.ಜಿ., ಹಿಚ್ ಮೇಲಿನ ಭಾರ 264, ಹಿಚ್‌ನ ಸಲಕರಣೆ 40, ಕಾರಿನಲ್ಲಿಟ್ಟ ಬ್ಯಾಗುಗಳು 40. ಒಟ್ಟು 624 ಕೆ.ಜಿ. ಈ ವರ್ಗದ ಎಷ್ಟೋ ಎಸ್‌ಯುವಿಗಳ ಹೊರುವ ಮಿತಿ ಇದಕ್ಕಿಂತ ಕಡಿಮೆ.

ಇಲ್ಲಿ ಹೊಸಬರಿಗೆ ಒಂದು ಉಪಾಯ ಹೊಳೆಯುತ್ತದೆ: ಭಾರವಾದ ಸಾಮಾನನ್ನು ಟ್ರೇಲರ್‌ನ ಹಿಂಬದಿಗೆ ಸರಿಸಿದರೆ ಮುಂದಿನ ಭಾರ ತಗ್ಗುತ್ತದಲ್ಲ? ತಗ್ಗುತ್ತದೆ, ನಿಜ. ದಯವಿಟ್ಟು ಹಾಗೆ ಮಾಡಲೇಬೇಡಿ. ನಾನು ಬಲ್ಲ ಅತ್ಯಂತ ಅಪಾಯದ ಜೋಡಣೆ ಅದೇ. ಭಾರ ಟ್ರೇಲರ್‌ನ ಆಕ್ಸಲ್‌ಗಿಂತ (ಚಕ್ರಗಳ ಅಚ್ಚಿಗಿಂತ) ಹಿಂದಕ್ಕೆ ಹೋದಷ್ಟೂ, ಗಾಳಿಯ ಒಂದು ಹೊಡೆತಕ್ಕೋ ಸ್ಟಿಯರಿಂಗಿನ ಸಣ್ಣ ತಿರುವಿಗೋ ಟ್ರೇಲರ್‌ನ ಬಾಲ ಪಕ್ಕಕ್ಕೆ ಸರಿಯುತ್ತದೆ. ಮರಳಿ ಬರುವಾಗ ಮಧ್ಯದಲ್ಲಿ ನಿಲ್ಲದೆ ಇನ್ನೊಂದು ಪಕ್ಕಕ್ಕೆ ಹೋಗುತ್ತದೆ. ಭಾರ ಮುಂದಿದ್ದರೆ ಈ ಆಟ ತಾನಾಗಿ ಅಡಗುತ್ತದೆ. ಹಿಂದಿದ್ದರೆ, ಒಂದು ವೇಗ ದಾಟಿದ ಮೇಲೆ, ಪ್ರತಿ ಸಲವೂ ಬೆಳೆಯುತ್ತ ಕೊನೆಗೆ ಕಾರನ್ನೂ ಎಳೆದುಕೊಂಡು ಹೋಗುತ್ತದೆ. ಚಲಿಸುವ ಬೆಲ್ಟ್ ಮೇಲೆ ಆಟಿಕೆ ಕಾರು, ಟ್ರೇಲರ್ ಇಟ್ಟು, ಸಣ್ಣ ತೂಕವನ್ನು ಹಿಂದೆ ಮುಂದೆ ಸರಿಸಿ ಇದನ್ನು ತೋರಿಸುವ ಪ್ರಾತ್ಯಕ್ಷಿಕೆಯ ವಿಡಿಯೊ ಸುಲಭವಾಗಿ ಸಿಗುತ್ತದೆ. ಮನೆಯವರೆಲ್ಲ ಕೂತು ನೋಡಿ. ಸಾಮಾನು ತುಂಬುವಾಗ ಹನ್ನೆರಡು ವರ್ಷದ ಮಗುವೇ ಆಮೇಲೆ ನಿಮ್ಮನ್ನು ಎಚ್ಚರಿಸುತ್ತದೆ.

ಸರಿಯಾದ ದಾರಿ ಎಂದರೆ ಒಟ್ಟು ತೂಕವನ್ನೇ ಇಳಿಸುವುದು. ನನ್ನ ಸಲಹೆ: ನಿಮ್ಮ ಹಿಚ್‌ನ ಮಿತಿ 227 ಕೆ.ಜಿ. ಆಗಿದ್ದರೆ ಟ್ರೇಲರ್ 1,950 ಕೆ.ಜಿ. ದಾಟದಂತೆ ನೋಡಿಕೊಳ್ಳಿ. ಅಂದರೆ ನೂರು ಕೆ.ಜಿ. ಸಾಮಾನು ಅಷ್ಟೇ. ಗ್ಯಾಸ್ ಸಿಲಿಂಡರ್, ಬ್ಯಾಟರಿಗಳು ಖಾಲಿ ತೂಕದಲ್ಲಿ ಸೇರಿರದಿದ್ದರೆ ಅವೂ ಈ ನೂರರೊಳಗೇ ಬರಬೇಕು. ಮೊದಲು ಕೈಬಿಡಬೇಕಾದದ್ದು ನೀರು. ಒಂದು ಲೀಟರ್ ಎಂದರೆ ಒಂದು ಕೆ.ಜಿ., 150 ಲೀಟರಿನ ಟ್ಯಾಂಕ್ ತುಂಬಿಸಿಕೊಂಡು ಹೋಗುವುದೆಂದರೆ ಇನ್ನೂ ಇಬ್ಬರು ದೊಡ್ಡವರನ್ನು ಹೊತ್ತಂತೆ. ತಂಗುವ ಜಾಗದಲ್ಲಿ ನೀರು ಸಿಗುತ್ತದೆಂದಾದರೆ ಅಲ್ಲೇ ತುಂಬಿಸಿ. ಡಬ್ಬಿ ಆಹಾರ, ಪಾತ್ರೆ, ಪುಸ್ತಕದಂಥ ಭಾರದ ವಸ್ತುಗಳು ಆಕ್ಸಲ್‌ನ ಮೇಲೆ ಅಥವಾ ಅದಕ್ಕಿಂತ ತುಸು ಮುಂದೆ, ನೆಲದ ಮಟ್ಟದಲ್ಲಿ ಇರಲಿ. ಮೇಲಿನ ಕಪಾಟಿಗೆ ಬಟ್ಟೆ, ಹೊದಿಕೆ ಸಾಕು. ಹಿಂಬದಿಯ ಬಂಪರ್‌ಗೆ ಸೈಕಲ್ ಸ್ಟ್ಯಾಂಡ್ ಹಾಕುವ ಆಸೆ ಮಕ್ಕಳಿಗಿದ್ದರೆ ಈ ಪ್ರವಾಸಕ್ಕೆ ಬೇಡ.

ಆಮೇಲೆ ಲಾರಿಗಳನ್ನು ತೂಗುವ ವೇ ಬ್ರಿಡ್ಜ್‌ಗೆ ಹೋಗಿ. ಎಲ್ಲರೂ ಕಾರಿನಲ್ಲಿರಬೇಕು, ಎಲ್ಲ ಸಾಮಾನೂ ತುಂಬಿರಬೇಕು, ಇಂಧನ ಭರ್ತಿಯಿರಬೇಕು. ಮೊದಲು ಜೋಡಿಸಿದ ಸ್ಥಿತಿಯಲ್ಲಿ ಕಾರಿನ ಚಕ್ರಗಳ ಮೇಲಿನ ತೂಕ, ಟ್ರೇಲರ್‌ನ ಚಕ್ರಗಳ ಮೇಲಿನ ತೂಕ ಬೇರೆಬೇರೆಯಾಗಿ ಬರೆದುಕೊಳ್ಳಿ. ಬಳಿಕ ಟ್ರೇಲರ್ ಬಿಚ್ಚಿ, ಬರೀ ಕಾರನ್ನು ತೂಗಿ. ಉದಾಹರಣೆಗೆ ಬರೀ ಕಾರು 2,480, ಜೋಡಿಸಿದಾಗ ಕಾರಿನ ಚಕ್ರಗಳ ಮೇಲೆ 2,705, ಟ್ರೇಲರ್‌ನ ಚಕ್ರಗಳ ಮೇಲೆ 1,725 ಬಂದರೆ, ಹಿಚ್‌ನ ಭಾರ 225 ಕೆ.ಜಿ.; ಟ್ರೇಲರ್‌ನ ನಿಜವಾದ ತೂಕ 1,950; ಪಾಲು ಶೇ. 11.5. ಇದು ಒಳ್ಳೆಯ ಫಲಿತಾಂಶ. ತೂಕ ಹಂಚುವ ಹಿಚ್ ಇದ್ದರೆ ಈ ಲೆಕ್ಕಕ್ಕೆ ಅದರ ಕಂಬಿಗಳನ್ನು ಸಡಿಲಿಸಿ ತೂಗಬೇಕು. ಬಂದ ಅಂಕಿಗಳು ಮಿತಿ ಮೀರಿದರೆ ಈ ಕಾರಿನಲ್ಲಿ ಹೊರಡಬೇಡಿ. ದೊಡ್ಡ ವಾಹನವೊಂದನ್ನು ಬಾಡಿಗೆಗೆ ತೆಗೆದುಕೊಳ್ಳಿ, ಇಲ್ಲವೇ ಟ್ರೇಲರ್ ಅನ್ನು ತಂಗುವ ಜಾಗಕ್ಕೆ ತಲುಪಿಸಿಕೊಡುವವರು ಸಿಗುತ್ತಾರೆಯೇ ನೋಡಿ. ಬಾಡಿಗೆಗೆ ತರುವಾಗ ಎಳೆಯಲು ಅನುಮತಿಯಿದೆಯೇ ಎಂದು ಮೊದಲೇ ಕೇಳಿಕೊಳ್ಳಿ. ಎಷ್ಟೋ ಬಾಡಿಗೆ ಕರಾರುಗಳು ಅದನ್ನು ಒಪ್ಪುವುದಿಲ್ಲ.

ತೂಕ ಹಂಚುವ ಹಿಚ್ ಎಂದೆನಲ್ಲ, ಅದು ಬೇಕೇ ಎಂದು ನೀವು ಮುಂದೆ ಕೇಳುವಿರಿ. ನಿಮ್ಮ ಕಾರಿನ ಕೈಪಿಡಿ ಒಪ್ಪಿದರೆ ಬೇಕು. ಹಿಂದಿನ ತುದಿಗೆ ಭಾರ ಬಿದ್ದಾಗ ಕಾರಿನ ಮುಂಭಾಗ ಮೇಲೇಳುತ್ತದೆ. ಸ್ಟಿಯರಿಂಗ್, ಬ್ರೇಕಿನ ಹೆಚ್ಚಿನ ಬಲ ಎಲ್ಲವೂ ಮುಂದಿನ ಚಕ್ರಗಳಲ್ಲಿರುವುದರಿಂದ ಹಿಡಿತ ಸಡಿಲವಾಗುತ್ತದೆ. ಈ ಹಿಚ್‌ನ ಉಕ್ಕಿನ ಕಂಬಿಗಳು ಭಾರದ ಒಂದಿಷ್ಟನ್ನು ಮುಂದಿನ ಚಕ್ರಗಳಿಗೂ ಸ್ವಲ್ಪವನ್ನು ಟ್ರೇಲರ್‌ನ ಚಕ್ರಗಳಿಗೂ ಮರಳಿಸುತ್ತವೆ. ಆದರೆ ಇದು ಯಾವ ಮಿತಿಯನ್ನೂ ಹೆಚ್ಚಿಸುವುದಿಲ್ಲ, ತಪ್ಪಾಗಿ ತುಂಬಿದ ಟ್ರೇಲರ್ ಅನ್ನು ಸರಿಪಡಿಸುವುದೂ ಇಲ್ಲ. ಓಲಾಟ ತಡೆಯುವ ಸಾಧನಗಳಿಗೂ ಇದೇ ಮಾತು.

ಹಳೆಯ ಟ್ರೇಲರ್ ಆದ್ದರಿಂದ ಟೈರುಗಳ ಬಗ್ಗೆ ಗಟ್ಟಿಯಾಗಿ ಹೇಳಬೇಕು. ಟ್ರೇಲರ್‌ನ ಟೈರು ಸವೆದು ಸಾಯುವುದು ಕಡಿಮೆ. ನಿಂತಲ್ಲೇ ಬಿಸಿಲಿಗೆ ಹಳತಾಗಿ ಸಾಯುತ್ತದೆ. ಮೇಲ್ಮೈ ಹೊಸದರಂತೆ ಕಂಡರೂ ಒಳಗಿನ ರಬ್ಬರ್ ಬಿರುಸಾಗಿರುತ್ತದೆ. ಪಕ್ಕದ ಗೋಡೆಯ ಮೇಲೆ ನಾಲ್ಕು ಅಂಕಿಯ ಗುರುತು ಹುಡುಕಿ: 3518 ಎಂದಿದ್ದರೆ 2018ರ 35ನೇ ವಾರದಲ್ಲಿ ತಯಾರಾದದ್ದು. ಐದಾರು ವರ್ಷ ದಾಟಿದ್ದರೆ ನಾಲ್ಕನ್ನೂ, ಜೊತೆಗೆ ಸ್ಟೆಪ್ನಿಯನ್ನೂ ಬದಲಿಸಿಬಿಡಿ. ಗಾಳಿಯ ಒತ್ತಡವನ್ನು ಬೆಳಿಗ್ಗೆ, ಟೈರು ತಣ್ಣಗಿರುವಾಗ, ಟ್ರೇಲರ್‌ನ ಫಲಕದಲ್ಲಿರುವಂತೆ ತುಂಬಿಸಿ; ಕಡಿಮೆ ಗಾಳಿಯೇ ಟೈರು ಬಿಸಿಯಾಗಿ ಸಿಡಿಯಲು ದೊಡ್ಡ ಕಾರಣ. ಚಕ್ರ ಬಿಚ್ಚಿ ಹಾಕಿದ ಮೇಲೆ ಮೊದಲ 80 ಕಿ.ಮೀ. ಆಸುಪಾಸಿನಲ್ಲಿ ನಿಂತು ನಟ್‌ಗಳನ್ನು ಟಾರ್ಕ್ ವ್ರೆಂಚ್‌ನಿಂದ ಮತ್ತೊಮ್ಮೆ ಬಿಗಿಮಾಡಿ. ಬೇರಿಂಗ್‌ಗಳಿಗೆ ಕಳೆದ ಬಾರಿ ಗ್ರೀಸ್ ಯಾವಾಗ ಹಾಕಿದರೆಂದು ಮಾರಿದವರಿಗೆ ನೆನಪಿಲ್ಲದಿದ್ದರೆ ಹಾಕಿಸಿಯೇ ಹೊರಡಿ. ದಾರಿಯಲ್ಲಿ ನಿಂತಾಗಲೆಲ್ಲ ಚಕ್ರದ ನಡುಭಾಗದ ಹತ್ತಿರ ಮುಂಗೈ ಹಿಡಿದು ನೋಡಿ. ಉಳಿದವುಗಳಿಗಿಂತ ಒಂದು ಮಾತ್ರ ತೀರಾ ಬಿಸಿಯಾಗಿದ್ದರೆ ಬೇರಿಂಗ್ ಅಥವಾ ಬ್ರೇಕಿನಲ್ಲಿ ತೊಂದರೆಯಿದೆ.

ಜೋಡಿಸುವ ಕೆಲಸವನ್ನು ಒಬ್ಬರೇ ಮಾಡಿ, ಇನ್ನೊಬ್ಬರು ಪರೀಕ್ಷಿಸಿ. ಆ ಹತ್ತು ನಿಮಿಷ ಯಾರೊಂದಿಗೂ ಮಾತು ಬೇಡ. ಪಕ್ಕದವರು ಬಂದು ಕುಶಲ ಕೇಳಿದಾಗಲೇ ಯಾವುದೋ ಪಿನ್ನು ಮರೆತುಹೋಗುತ್ತದೆ. ಕಪ್ಲರ್ (ಟ್ರೇಲರ್‌ನ ಮೂತಿಯಲ್ಲಿರುವ ಕೊಂಡಿ) ಕಾರಿನ ಹಿಚ್‌ನ ಗುಂಡು ಬಾಲ್ ಮೇಲೆ ಕೂತು ಬೀಗ ಬಿದ್ದ ಮೇಲೆ, ಮುಂದಿನ ಜ್ಯಾಕ್‌ನಿಂದ ಟ್ರೇಲರ್‌ನ ಮೂತಿಯನ್ನು ತುಸು ಎತ್ತಿ. ಕಾರಿನ ಹಿಂಭಾಗವೂ ಜೊತೆಗೆ ಎದ್ದರೆ ಬೀಗ ಸರಿಯಾಗಿ ಹಿಡಿದಿದೆ. ಸುರಕ್ಷಾ ಸರಪಳಿಗಳನ್ನು ಕಪ್ಲರ್‌ನ ಕೆಳಗೆ ಅಡ್ಡಡ್ಡ ದಾಟಿಸಿ ಕಟ್ಟಿ. ಕೊಂಡಿ ಕಳಚಿದರೂ ಮೂತಿ ನೆಲಕ್ಕೆ ಬೀಳದೆ ಸರಪಳಿಗಳ ಮೇಲೆ ನಿಲ್ಲುತ್ತದೆ. ಟ್ರೇಲರ್ ಕಳಚಿಕೊಂಡರೆ ಅದರ ಬ್ರೇಕ್ ಹಾಕುವ ತುರ್ತು ತಂತಿಯನ್ನು ಆ ಸರಪಳಿಗಳಿಗೆ ಕಟ್ಟದೆ ಕಾರಿನ ಕಡೆಯ ಬೇರೆ ಗಟ್ಟಿ ಜಾಗಕ್ಕೆ ಸಿಕ್ಕಿಸಿ. ವಿದ್ಯುತ್ ಬ್ರೇಕ್ ಇರುವ ಟ್ರೇಲರ್ ಆದರೆ ಕಾರಿನಲ್ಲಿ ಬ್ರೇಕ್ ಕಂಟ್ರೋಲರ್ (ಟ್ರೇಲರ್‌ನ ಬ್ರೇಕನ್ನು ಕಾರಿನಿಂದಲೇ ಹಾಕುವ ಸಾಧನ) ಬೇಕೇ ಬೇಕು. ಖಾಲಿ ಮೈದಾನದಲ್ಲಿ ಗಂಟೆಗೆ 30 ಕಿ.ಮೀ. ವೇಗದಲ್ಲಿ ಅದರ ಕೈ ಲಿವರ್ ಒತ್ತಿದಾಗ ಟ್ರೇಲರ್ ಮಾತ್ರ ಬ್ರೇಕ್ ಹಿಡಿದು, ಹಿಂದಿನಿಂದ ಕಾರನ್ನು ಎಳೆದು ನಿಲ್ಲಿಸಿದ ಅನುಭವ ಆಗಬೇಕು. ಆ ಲಿವರ್ ಎಲ್ಲಿದೆ ಎಂಬುದು ನೋಡದೆಯೇ ಕೈಗೆ ಗೊತ್ತಿರಲಿ.

ಏಕೆಂದರೆ ಓಲಾಟ ಶುರುವಾದಾಗ ಬೇಕಾಗುವುದು ಅದೇ. ಆ ಗಳಿಗೆಯಲ್ಲಿ ಕಾಲು ಕಾರಿನ ಬ್ರೇಕಿಗೆ ಹೋಗುತ್ತದೆ, ಕೈ ಸ್ಟಿಯರಿಂಗನ್ನು ಎದುರು ದಿಕ್ಕಿಗೆ ತಿರುಗಿಸುತ್ತದೆ. ಎರಡೂ ಓಲಾಟವನ್ನು ಹೆಚ್ಚಿಸುತ್ತವೆ. ಸ್ಟಿಯರಿಂಗನ್ನು ನೇರ ಹಿಡಿದು, ಆಕ್ಸಿಲರೇಟರ್‌ನಿಂದ ಕಾಲು ತೆಗೆದು, ಟ್ರೇಲರ್‌ನ ಬ್ರೇಕ್ ಮಾತ್ರ ಕೈಯಿಂದ ಒತ್ತಿ. ಕೈ ಲಿವರ್‌ನಿಂದ ಬ್ರೇಕ್ ಹಾಕಲಾಗದ ಟ್ರೇಲರ್ ಆದರೆ ಕಾಲು ತೆಗೆದು ವೇಗ ತಾನಾಗಿ ಇಳಿಯಲು ಬಿಡಿ. ನಂತರ ನಿಂತು, ಸಾಮಾನಿನ ಜೋಡಣೆ ನೋಡದೆ ಮುಂದೆ ಹೋಗಬೇಡಿ. ದೊಡ್ಡ ಲಾರಿ, ಬಸ್ಸು ನಿಮ್ಮನ್ನು ದಾಟುವಾಗ ಅದು ತಳ್ಳುವ ಗಾಳಿ ಮೊದಲು ಟ್ರೇಲರ್ ಅನ್ನು ಆಚೆ ತಳ್ಳಿ, ಆಮೇಲೆ ತನ್ನತ್ತ ಸೆಳೆಯುತ್ತದೆ. ಕನ್ನಡಿಯಲ್ಲಿ ಅದು ಬರುವುದನ್ನು ಕಂಡಾಗಲೇ ಸಿದ್ಧರಾಗಿದ್ದರೆ ಗಾಬರಿಯಾಗುವುದಿಲ್ಲ. ಟ್ರೇಲರ್ ಕಾರಿಗಿಂತ ಅಗಲವಾದ್ದರಿಂದ ಉದ್ದನೆಯ ಹೆಚ್ಚುವರಿ ಕನ್ನಡಿಗಳು ಬೇಕಾಗುತ್ತವೆ.

ವೇಗದ ವಿಷಯದಲ್ಲಿ ಮೊದಲ ಪ್ರವಾಸಕ್ಕೆ ಗಂಟೆಗೆ 90 ಕಿ.ಮೀ. ಮೇಲ್ಮಿತಿಯೆಂದು ಇಟ್ಟುಕೊಳ್ಳಿ. ಕಾನೂನಿನ ಮಿತಿ ಅದಕ್ಕಿಂತ ಕಡಿಮೆ ಇರುವ ಕಡೆಗಳೂ ಇವೆ: ಕ್ಯಾಲಿಫೋರ್ನಿಯಾದಲ್ಲಿ ಎಳೆಯುವವರಿಗೆ 55 ಮೈಲಿ, ಅಂದರೆ ಸುಮಾರು 88 ಕಿ.ಮೀ.; ಜರ್ಮನಿಯಲ್ಲಿ ವಿಶೇಷ ಅನುಮತಿ ಇಲ್ಲದ ಜೋಡಿಗೆ 80 ಕಿ.ಮೀ. ಚಾಲನಾ ಪರವಾನಗಿಯ ನಿಯಮವೂ ದೇಶದಿಂದ ದೇಶಕ್ಕೆ ಬೇರೆ. ನಿಮ್ಮ ಪರವಾನಗಿ ಈ ತೂಕದ ಜೋಡಿಗೆ ಸಾಕೇ ಎಂದು ಖಚಿತಪಡಿಸಿಕೊಳ್ಳಿ. ವಿಮೆಯೂ ಅದನ್ನೇ ಕೇಳುತ್ತದೆ. ಇಳಿಜಾರಿನಲ್ಲಿ, ಇಳಿಯಲು ಶುರು ಮಾಡುವ ಮೊದಲೇ ಕಡಿಮೆ ಗೇರಿಗೆ ಬನ್ನಿ. ಬ್ರೇಕನ್ನು ಒತ್ತಿಹಿಡಿದೇ ಇಳಿದರೆ ಅದು ಕಾಯ್ದು ಕೆಲಸ ಮಾಡುವುದನ್ನೇ ನಿಲ್ಲಿಸಬಹುದು.

ಈಗ ನಿಮ್ಮ 600 ಕಿ.ಮೀ. ಅದನ್ನು ಅರ್ಧಕ್ಕೆ ಇಳಿಸಿ. 250 ಆದರೆ ಇನ್ನೂ ಒಳ್ಳೆಯದು. ಎಳೆಯುವಾಗ ಇಂಧನದ ಖರ್ಚು ಒಂದೂವರೆಯಿಂದ ಎರಡು ಪಟ್ಟಾಗುತ್ತದೆ, ಆದ್ದರಿಂದ ನಿಲ್ಲುವ ಸಂಖ್ಯೆಯೂ ಹೆಚ್ಚು. ಆರು ವರ್ಷದ ಮಗುವಿಗೂ ಹಿರಿಯರಿಗೂ ಎರಡು ಗಂಟೆಗೊಮ್ಮೆ ಇಳಿದು ಕಾಲು ಚಾಚಲೇಬೇಕು. ಕಾರಿನಲ್ಲಿ ಏಳು ಗಂಟೆಯ ದಾರಿ ನಿಮಗೆ ಹತ್ತು ಗಂಟೆಯಾಗಿ, ತಂಗುವ ಜಾಗಕ್ಕೆ ಕತ್ತಲಾದ ಮೇಲೆ ತಲುಪುತ್ತೀರಿ. ಗೊತ್ತಿಲ್ಲದ ಜಾಗ, ಕತ್ತಲು, ದಣಿದ ಚಾಲಕ, ಹಸಿದ ಮಕ್ಕಳು, ಮೊದಲ ರಿವರ್ಸ್: ಇವೆಲ್ಲ ಒಂದೇ ಗಂಟೆಯಲ್ಲಿ ಕೂಡಬಾರದು. ಟ್ರೇಲರ್ ಪ್ರವಾಸಿಗರ ನಡುವೆ ಮೂರರ ಸೂತ್ರವೊಂದಿದೆ: ದಿನಕ್ಕೆ 300 ಮೈಲಿ ಮೀರಬೇಡ, ಮಧ್ಯಾಹ್ನ ಮೂರರೊಳಗೆ ತಲುಪು, ಮೂರು ರಾತ್ರಿ ಉಳಿ ಎಂದು. ನಿಮಗೆ ಆ 300 ಮೈಲಿಯೂ ಜಾಸ್ತಿ. ಉಳಿದ ಎರಡನ್ನು ಹಾಗೆಯೇ ಪಾಲಿಸಿ. ಏಳು ಜಾಗವನ್ನು ಮೂರಕ್ಕೆ ಇಳಿಸಿದರೆ ಬಿಚ್ಚಿ ಕಟ್ಟುವ ಕೆಲಸವೂ ಅರ್ಧಕ್ಕಿಂತ ಕಡಿಮೆಯಾಗುತ್ತದೆ, ಮಕ್ಕಳಿಗೆ ಒಂದು ಜಾಗದ ಪರಿಚಯವಾಗುವಷ್ಟು ಸಮಯ ಸಿಗುತ್ತದೆ.

ರಿವರ್ಸ್‌ಗೆ ನಾನು ಕೊಡುವ ಪಾಠ ಚಿಕ್ಕದು. ಖಾಲಿ ಮೈದಾನಕ್ಕೆ ಹೋಗಿ. ಸ್ಟಿಯರಿಂಗಿನ ತಳಭಾಗವನ್ನು ಒಂದು ಕೈಯಲ್ಲಿ ಹಿಡಿಯಿರಿ. ಟ್ರೇಲರ್‌ನ ಹಿಂಭಾಗ ಯಾವ ಕಡೆಗೆ ಹೋಗಬೇಕೋ ಕೈಯನ್ನು ಆ ಕಡೆಗೇ ಸರಿಸಿ. ಸ್ವಲ್ಪವೇ ತಿರುಗಿಸಿ, ಕಾಯಿರಿ. ಕೋನ ತೀರಾ ಬಿಗಿಯಾಯಿತೆನಿಸಿದರೆ ಹಟ ಬೇಡ, ಮುಂದಕ್ಕೆ ಹೋಗಿ ನೇರ ಮಾಡಿಕೊಂಡು ಮತ್ತೆ ಶುರು ಮಾಡಿ. ಅನುಮಾನ ಬಂದಾಗಲೆಲ್ಲ ಇಳಿದು ನೋಡಿ. ಪತ್ನಿ ಹಿಂದೆ ನಿಂತು ದಾರಿ ತೋರುವುದಾದರೆ ಕನ್ನಡಿಯಲ್ಲಿ ಕಾಣುವಂತಿರಲಿ. ಕಾಣದಾದ ಕ್ಷಣ ನೀವು ನಿಲ್ಲಬೇಕು. ಮಾತಿಗೆ ಮೊಬೈಲ್ ಕರೆ ಸಾಕು, ಕೂಗಾಟ ಬೇಡ. ಆ ಹೊತ್ತಿನಲ್ಲಿ ಇಬ್ಬರು ಮಕ್ಕಳೂ ಅತ್ತೆಯವರ ಕೈ ಹಿಡಿದು, ನೀವು ಮೊದಲೇ ಹೇಳಿದ ಒಂದೇ ಜಾಗದಲ್ಲಿ ನಿಂತಿರಬೇಕು. ಇದನ್ನು ನಿಯಮವಾಗಿಸಿ. ಏಳು ಮೀಟರಿನ ಟ್ರೇಲರ್‌ನ ಹಿಂದೆ ಆರು ವರ್ಷದ ಮಗು ಯಾವ ಕನ್ನಡಿಗೂ ಕಾಣುವುದಿಲ್ಲ.

ತಲುಪಿದ ಮೇಲಿನ ಕ್ರಮ: ಮೊದಲು ಎಡಬಲದ ಮಟ್ಟವನ್ನು ಚಕ್ರದ ಕೆಳಗೆ ಹಲಗೆಯಿಟ್ಟು ಸರಿಮಾಡಿ, ಆಮೇಲೆ ಚಕ್ರಗಳಿಗೆ ಎರಡೂ ಬದಿಯಲ್ಲಿ ಅಡ್ಡಗಟ್ಟೆ ಕೊಡಿ, ಅದಾದ ಮೇಲೆಯೇ ಕಾರನ್ನು ಬಿಚ್ಚಿ. ಹಿಂದುಮುಂದಿನ ಮಟ್ಟವನ್ನು ಮೂತಿಯ ಜ್ಯಾಕ್‌ನಿಂದ ಸರಿಪಡಿಸಬಹುದು. ನಾಲ್ಕು ಮೂಲೆಯ ಜ್ಯಾಕುಗಳು ಅಲುಗಾಟ ನಿಲ್ಲಿಸಲಿಕ್ಕೆ ಮಾತ್ರ, ಟ್ರೇಲರ್ ಎತ್ತಲಿಕ್ಕಲ್ಲ. ವಿದ್ಯುತ್ ಸಂಪರ್ಕ 30 ಆಂಪಿಯರ್, 120 ವೋಲ್ಟ್‌ನದಾದರೆ ಸಿಗುವುದು 3,600 ವಾಟ್; ಏಸಿ ಓಡುತ್ತಿರುವಾಗ ಮೈಕ್ರೋವೇವ್, ಕೆಟಲ್ ಎರಡನ್ನೂ ಹಾಕಿದರೆ ಸ್ವಿಚ್ ಬೀಳುತ್ತದೆ. ಶೌಚದ ಟ್ಯಾಂಕಿನ ಬಾಯಿಯನ್ನು ಖಾಲಿ ಮಾಡುವವರೆಗೂ ಮುಚ್ಚಿಯೇ ಇಟ್ಟು, ಒಳಗೆ ಸಾಕಷ್ಟು ನೀರಿರುವಂತೆ ನೋಡಿಕೊಳ್ಳಿ. ಖಾಲಿ ಮಾಡುವಾಗ ಅದನ್ನು ಮೊದಲು, ಸ್ನಾನ ಮತ್ತು ಪಾತ್ರೆ ತೊಳೆದ ನೀರನ್ನು ನಂತರ ಬಿಟ್ಟರೆ ಕೊಳವೆ ತಾನಾಗಿ ತೊಳೆದುಹೋಗುತ್ತದೆ. ಕುಡಿಯುವ ನೀರಿನ ಪೈಪು ಬೇರೆಯೇ ಇರಲಿ.

ಮಲಗುವ ಮುನ್ನ ಮೂರು ಸಾಧನಗಳು ಕೆಲಸ ಮಾಡುತ್ತಿವೆಯೇ ನೋಡಿ: ಕಾರ್ಬನ್ ಮಾನಾಕ್ಸೈಡ್ ಅಲಾರಂ, ಹೊಗೆಯ ಅಲಾರಂ, ಗ್ಯಾಸ್ ಸೋರಿಕೆಯ ಅಲಾರಂ. ಅಡುಗೆ ಅನಿಲ ಗಾಳಿಗಿಂತ ಭಾರ, ಆದ್ದರಿಂದ ಮೂರನೆಯದು ನೆಲದ ಹತ್ತಿರ ಇರುತ್ತದೆ. ಇವುಗಳಿಗೂ ಆಯುಷ್ಯವಿದೆ, ಹಿಂಬದಿಯ ದಿನಾಂಕ ಮುಗಿದಿದ್ದರೆ ಹೊಸದು ಹಾಕಿ. ಚಳಿಗೆ ಒಲೆ ಹೊತ್ತಿಸಿ ಒಳಗೆ ಮಲಗುವುದು ಬೇಡವೇ ಬೇಡ, ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ. ಪ್ರಯಾಣದಲ್ಲಿ ಸಿಲಿಂಡರ್ ವಾಲ್ವ್ ಮುಚ್ಚಿರಲಿ. ತುರ್ತು ಕಿಟಕಿಯನ್ನು ಮಕ್ಕಳೂ ಅತ್ತೆಯವರೂ ತಾವೇ ತೆರೆದು ನೋಡಿರಬೇಕು.

ಇದೆಲ್ಲವನ್ನೂ ದಾರಿಯಲ್ಲಿ ಕಲಿಯಬೇಕಿಲ್ಲ. ಹೊರಡುವ ಹಿಂದಿನ ವಾರಾಂತ್ಯ ಟ್ರೇಲರ್ ಅನ್ನು ಮನೆಯ ಬಳಿ, ಅಥವಾ ಒಂದು ಗಂಟೆಯೊಳಗೆ ತಲುಪುವ ಜಾಗದಲ್ಲಿ ನಿಲ್ಲಿಸಿ, ಐವರೂ ಒಂದು ರಾತ್ರಿ ಅದರಲ್ಲೇ ಅಡುಗೆ ಮಾಡಿ, ಸ್ನಾನ ಮಾಡಿ, ಮಲಗಿ. ನಲ್ಲಿ ಸೋರುವುದು, ಫ್ರಿಜ್ ತಣ್ಣಗಾಗಲು ಇಡೀ ರಾತ್ರಿ ಹಿಡಿಯುವುದು, ಮೇಲಿನ ಹಾಸಿಗೆಯಿಂದ ಮಗು ಉರುಳುವ ಸಾಧ್ಯತೆ, ಎಲ್ಲ ಅಲ್ಲೇ ಗೊತ್ತಾಗುತ್ತದೆ. ಅತ್ತೆಯವರ ಅನುಕೂಲವನ್ನು ವಿಶೇಷವಾಗಿ ಗಮನಿಸಿ. ಟ್ರೇಲರ್‌ನ ಮಡಚುವ ಮೆಟ್ಟಿಲು ಎತ್ತರವೂ ಕಿರಿದೂ ಆಗಿರುತ್ತದೆ. ಅಗಲವಾದ ಮೆಟ್ಟಿಲು ಮತ್ತು ಬಾಗಿಲ ಪಕ್ಕ ಹಿಡಿಕೆ ಹಾಕಿಸಿ. ಅವರಿಗೆ ಕೆಳಗಿನ ಹಾಸಿಗೆ, ಶೌಚಾಲಯದ ದಾರಿಯಲ್ಲಿ ಸಣ್ಣ ರಾತ್ರಿದೀಪ ಇರಲಿ. ಆ ರಾತ್ರಿಯ ಬಳಿಕ ಯಾರೂ ಮುಟ್ಟದೆ ಉಳಿದ ಸಾಮಾನನ್ನೆಲ್ಲ ಇಳಿಸಿ, ಮತ್ತೊಮ್ಮೆ ವೇ ಬ್ರಿಡ್ಜ್‌ಗೆ ಹೋಗಿ ಬನ್ನಿ. ಆ ಚೀಟಿಯ ಅಂಕಿಗಳನ್ನೂ ನಿಮ್ಮ ಕಾರಿನ ಎರಡು ಮಿತಿಗಳನ್ನೂ ನನಗೆ ಬರೆದರೆ, ಹೊರಡಬಹುದೇ ಎಂದು ಖಚಿತವಾಗಿ ಹೇಳುತ್ತೇನೆ.